‘ಮರ್ಮರ್’ನಲ್ಲಿ ಮಾತು ಯಾಕೆ ಕೇಳಿಸುವುದಿಲ್ಲ?

ಓದುಗರ ಪ್ರಶ್ನೆ: ಕಾಲೇಜಿನಲ್ಲಿದ್ದಾಗಿನಿಂದ ‘ಲೂಸಿಂಗ್ ಮೈ ರಿಲಿಜನ್’ ನನಗೆ ಬಹಳ ಇಷ್ಟದ ಹಾಡು. ಆರ್.ಇ.ಎಂ. ಬ್ಯಾಂಡಿನ ಅಸಲಿ ಕೆಲಸ ಇರೋದು ಶುರುವಿನ ಆಲ್ಬಮ್‌ಗಳಲ್ಲಿ ಎಂದು ಗೆಳೆಯನೊಬ್ಬ ಹೇಳಿದ. ‘ಮರ್ಮರ್’ ಹಾಕಿಕೊಂಡು ಮೂರು ಸಲ ಕೇಳಿದೆ. ಒಂದು ಸಾಲೂ ತಿಳಿಯಲಿಲ್ಲ. ನನ್ನ ಇಂಗ್ಲಿಷ್ ಸಾಲದೋ, ರೆಕಾರ್ಡಿಂಗೇ ಸರಿಯಿಲ್ಲವೋ? ಈ ಬ್ಯಾಂಡ್ ಹೇಗೆ ಹುಟ್ಟಿತು? ಹಳೆಯ ಆಲ್ಬಮ್‌ಗಳನ್ನು ಯಾವುದರಿಂದ ಶುರು ಮಾಡಲಿ?

ಉತ್ತರ: ನಿಮ್ಮ ಇಂಗ್ಲಿಷಿಗೂ ಏನಾಗಿಲ್ಲ, ರೆಕಾರ್ಡಿಂಗಿಗೂ ಏನಾಗಿಲ್ಲ. ಅಮೆರಿಕದಲ್ಲೇ ಹುಟ್ಟಿ ಬೆಳೆದವರೂ 1983ರಲ್ಲಿ ಆ ಆಲ್ಬಮ್ ಹಾಕಿಕೊಂಡು ಹೀಗೇ ತಲೆ ಕೆರೆದುಕೊಂಡಿದ್ದರು. ನನ್ನ ಕಥೆ ಇನ್ನೂ ಚೆಂದ. ನಾನು ಮೊದಲ ಸಲ ‘ಮರ್ಮರ್’ ಕೇಳಿದ್ದು ಯಾರೋ ಕಾಪಿ ಮಾಡಿಕೊಟ್ಟ ಕ್ಯಾಸೆಟ್ಟಿನಲ್ಲಿ. ಹಾಡುಗಾರನ ದನಿ ಕಂಬಳಿ ಹೊದ್ದುಕೊಂಡ ಹಾಗಿತ್ತು. ಟೇಪ್ ರೆಕಾರ್ಡರಿನ ಹೆಡ್ಡಿಗೆ ಕೊಳೆ ಕೂತಿದೆ ಅಂದುಕೊಂಡೆ. ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದೆ. ಮತ್ತೆ ಹಾಕಿದೆ. ಗಿಟಾರ್ ಇನ್ನಷ್ಟು ಚೊಕ್ಕವಾಗಿ ಕೇಳಿಸಿತು. ಮಾತು ಮಾತ್ರ ಇದ್ದ ಹಾಗೇ ಇತ್ತು!

ಆ ಮಬ್ಬು ಬೇಕೆಂದೇ ಇಟ್ಟುಕೊಂಡದ್ದು. ಯಾಕೆ ಹಾಗೆ ಅಂದರೆ, ಈ ನಾಲ್ವರು ಹೇಗೆ ಒಟ್ಟಾದರು ಅನ್ನೋದರಿಂದಲೇ ಶುರು ಮಾಡಬೇಕು.

ಊರು ಅಥೆನ್ಸ್. ಗ್ರೀಸಿನದಲ್ಲ, ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯದ್ದು. ಜಾರ್ಜಿಯಾ ವಿಶ್ವವಿದ್ಯಾಲಯ ಇರುವ ಸಣ್ಣ ಪಟ್ಟಣ. ಅಲ್ಲಿ ವಕ್ಸ್‌ಟ್ರಿ ಎಂಬ ರೆಕಾರ್ಡ್ ಅಂಗಡಿ. ಕೌಂಟರಿನ ಹಿಂದೆ ಪೀಟರ್ ಬಕ್. ಹೊಸದಾಗಿ ಬಂದ ಒಳ್ಳೆಯ ತಟ್ಟೆಗಳನ್ನು ತನಗೇ ಎಂದು ಎತ್ತಿಡುವ ಚಾಳಿ ಅವನಿಗೆ. ಅಂಗಡಿಗೆ ಬರುತ್ತಿದ್ದ ಒಬ್ಬ ನಾಚಿಕೆ ಸ್ವಭಾವದ ಹುಡುಗ ಸರಿಯಾಗಿ ಆ ತಟ್ಟೆಗಳಿಗೇ ಕೈ ಹಾಕುತ್ತಿದ್ದ. ಅವನು ಮೈಕೆಲ್ ಸ್ಟೈಪ್, ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದುತ್ತಿದ್ದವನು. ಇಬ್ಬರಿಗೂ ರಾಕ್ ಹಾಡುಗಾರ್ತಿ ಪ್ಯಾಟಿ ಸ್ಮಿತ್ ಹುಚ್ಚು, ವೆಲ್ವೆಟ್ ಅಂಡರ್‌ಗ್ರೌಂಡ್ ಬ್ಯಾಂಡಿನ ಹುಚ್ಚು. ಸ್ನೇಹ ಆಗಲೇಬೇಕಿತ್ತು, ಆಯಿತು.

ಇನ್ನಿಬ್ಬರು ಅದೇ ರಾಜ್ಯದ ಮೇಕನ್ ಊರಿನಿಂದ ಬಂದವರು. ಬೇಸ್ ಗಿಟಾರಿನ ಮೈಕ್ ಮಿಲ್ಸ್, ಡ್ರಮ್ಸಿನ ಬಿಲ್ ಬೆರಿ. ಹೈಸ್ಕೂಲಿನಲ್ಲಿ ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಮಿಲ್ಸ್ ಚೆನ್ನಾಗಿ ಓದುವ ಹುಡುಗ, ಬೆರಿ ಅದಕ್ಕೆ ಉಲ್ಟಾ. ಒಂದು ದಿನ ಯಾರದೋ ಮನೆಯಲ್ಲಿ ನುಡಿಸಲು ಹೋದ ಬೆರಿ ಡ್ರಮ್ಸ್ ಎಲ್ಲ ಜೋಡಿಸಿ ಕೂತ. ಆಗ ಬಾಗಿಲಲ್ಲಿ ಬೇಸ್ ಹಿಡಿದು ಬಂದವನು ಇದೇ ಮಿಲ್ಸ್. ಎದ್ದು ಹೋಗೋಣ ಅಂದರೆ ಅಷ್ಟೂ ಡ್ರಮ್ಸ್ ಮತ್ತೆ ಬಿಚ್ಚಿ ಕಟ್ಟಬೇಕು. ಆ ಸೋಮಾರಿತನದಿಂದಾಗಿ ಕೂತೇ ಬಿಟ್ಟ, ಜೋಡಿಯೂ ಕುದುರಿತು.

ಅಥೆನ್ಸಿನಲ್ಲಿ ಒಬ್ಬ ಗೆಳತಿಯ ಮೂಲಕ ಈ ಇಬ್ಬರು ಆ ಇಬ್ಬರನ್ನು ಕಂಡರು. ಬೆರಿಯನ್ನು ಬ್ಯಾಂಡಿಗೆ ಸೇರಿಸಿಕೊಳ್ಳಬೇಕು ಅನ್ನಿಸಿದ್ದು ಅವನ ಕೂಡುಹುಬ್ಬು ನೋಡಿ ಎಂದು ಸ್ಟೈಪ್ ಆಮೇಲೆ ಹೇಳಿಕೊಂಡಿದ್ದಾನೆ. ಮಿಲ್ಸ್ ಆ ದಿನ ಚೆನ್ನಾಗಿ ಕುಡಿದಿದ್ದ, ಅವನು ಬೇಡ ಅನ್ನಿಸಿತ್ತಂತೆ. ಬೆರಿ ಬಿಡಲಿಲ್ಲ. ಬಂದರೆ ಇಬ್ಬರೂ ಎಂದ.

ಓಕೋನಿ ಬೀದಿಯಲ್ಲಿ ಒಂದು ಹಳೆಯ ಚರ್ಚು. ಅಲ್ಲಿ ಪೂಜೆ ನಿಂತು ಎಷ್ಟೋ ಕಾಲ ಆಗಿತ್ತು. ಒಳಗೆ ಬಾಡಿಗೆ ಕೋಣೆಗಳನ್ನು ಮಾಡಿದ್ದರು. ಬಕ್ ಮತ್ತು ಸ್ಟೈಪ್ ಇದ್ದದ್ದು ಅಲ್ಲೇ. 1980ರ ಏಪ್ರಿಲ್ 5ರಂದು ಅದೇ ಗೆಳತಿಯ ಹುಟ್ಟುಹಬ್ಬದ ಪಾರ್ಟಿಗೆ ನಾಲ್ವರೂ ಅದೇ ಚರ್ಚಿನಲ್ಲಿ ಮೊದಲ ಸಲ ನುಡಿಸಿದರು. ಆಗ ಬ್ಯಾಂಡಿಗೆ ಹೆಸರೂ ಇರಲಿಲ್ಲ. ಆಮೇಲೆ ನಿಘಂಟು ತಿರುವಿ ಹಾಕಿ ಸಿಕ್ಕಿದ್ದು ಆರ್.ಇ.ಎಂ. ನಿದ್ದೆಯಲ್ಲಿ ಕನಸು ಬೀಳುವಾಗ ರೆಪ್ಪೆಯ ಒಳಗೆ ಕಣ್ಣು ಓಡಾಡುವುದಕ್ಕೆ ಆ ಹೆಸರಿದೆ. ಆದರೆ ಅದರಲ್ಲಿ ದೊಡ್ಡ ಅರ್ಥ ಹುಡುಕಬೇಡಿ, ಆ ಮೂರು ಅಕ್ಷರ ಚೆನ್ನಾಗಿ ಕಂಡವು, ಇಟ್ಟುಕೊಂಡರು. ಚರ್ಚು ಈಗಿಲ್ಲ. ಗೋಪುರ ಒಂದೇ ನಿಂತಿದೆ.

ಅಥೆನ್ಸಿನಲ್ಲಿ ಆಗಲೇ ಬಿ-52ಸ್ ಎಂಬ ಬ್ಯಾಂಡ್ ಹೆಸರು ಮಾಡಿ ನ್ಯೂಯಾರ್ಕಿಗೆ ಹೋಗಿತ್ತು. ಪೈಲಾನ್ ಎಂಬ ಇನ್ನೊಂದಿತ್ತು, ಬಹಳ ಒಳ್ಳೆಯ ಬ್ಯಾಂಡ್, ಯಾವಾಗಲಾದರೂ ಕೇಳಿ. ಇವುಗಳ ಮುಂದೆ ಆರ್.ಇ.ಎಂ. ಮೊದಮೊದಲು ಸುಮ್ನೆ ಪಾರ್ಟಿಗೆ ನುಡಿಸುವ ಹುಡುಗರ ಗುಂಪು, ಅಷ್ಟೇ. ಜೆಫರ್ಸನ್ ಹೋಲ್ಟ್ ಮ್ಯಾನೇಜರ್ ಆಗಿ ಬಂದ. ಅವನೂ ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡಿದವನೇ. ಹಳೆಯ ನೀಲಿ ವ್ಯಾನ್ ಒಂದನ್ನು ಅವನೇ ಓಡಿಸುತ್ತಿದ್ದ. ಊಟಕ್ಕೆ ತಲೆಗೆ ದಿನಕ್ಕೆ 2 ಡಾಲರ್. ಇಂಥ ಬ್ಯಾಂಡ್‌ಗಳು ಊರಿಂದೂರಿಗೆ ಹೋಗಿ ನುಡಿಸುವ ದಾರಿಯೇ ಆಗ ಸರಿಯಾಗಿ ಇರಲಿಲ್ಲ. ಸಿಕ್ಕ ಸಿಕ್ಕಲ್ಲಿ ನುಡಿಸುತ್ತಾ ದಕ್ಷಿಣದ ರಾಜ್ಯಗಳನ್ನೆಲ್ಲ ಸುತ್ತಿದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಅರ್ಥವಾಗೋದು ಇದರಿಂದಲೇ. ಹಾಡು ಯಾರೇ ಕಟ್ಟಿರಲಿ, ಹೆಸರು ನಾಲ್ವರದೂ. ಬೆರಿ, ಬಕ್, ಮಿಲ್ಸ್, ಸ್ಟೈಪ್, ಅಕ್ಷರಮಾಲೆಯ ಕ್ರಮದಲ್ಲಿ. ದುಡ್ಡೂ ನಾಲ್ಕು ಸಮಪಾಲು. ಒಬ್ಬ ಬೇಡ ಅಂದರೆ ಆ ಕೆಲಸ ಆಗುವುದಿಲ್ಲ. ಹಾಡುಗಾರ ಮುಂದೆ, ಉಳಿದವರು ಹಿಂದೆ ಅನ್ನೋದು ಇಲ್ಲವೇ ಇಲ್ಲ. ಬಕ್ ಆಗಿನ್ನೂ ಗಿಟಾರ್ ಕಲಿಯುತ್ತಿದ್ದವನು. ನಡುವೆ ನಿಂತು ಸೋಲೋ ನುಡಿಸುವ ಚಪಲವೂ ಇಲ್ಲ, ಅಷ್ಟು ಕೈಯೂ ಇಲ್ಲ. ರಿಕನ್‌ಬ್ಯಾಕರ್ ಗಿಟಾರಿನ ತಂತಿಗಳನ್ನು ಒಟ್ಟಿಗೆ ಬಾರಿಸದೆ ಒಂದೊಂದಾಗಿ ಮೀಟುತ್ತಾ ಹೋಗುತ್ತಿದ್ದ. ಆದ್ದರಿಂದ ರಾಗ ಹಿಡಿಯುವ ಕೆಲಸ ಬೇಸಿಗೆ ಬಿತ್ತು. ಮಿಲ್ಸ್ ಸಂಗೀತ ತಿಳಿದವನು, ಪಿಯಾನೋ ಬಲ್ಲವನು. ಅವನ ಬೇಸ್ ತಳದಲ್ಲಿ ಗುಡುಗುಡು ಅನ್ನುವುದಿಲ್ಲ, ಹಾಡುತ್ತದೆ. ಹಿಂದಿನಿಂದ ಮಿಲ್ಸ್ ಮತ್ತು ಬೆರಿ ದನಿಗೂಡಿಸುವಾಗಲೂ ಎಷ್ಟೋ ಸಲ ಸ್ಟೈಪ್ ಹಾಡುವ ಮಾತನ್ನು ಹಾಡುವುದಿಲ್ಲ, ಬೇರೆಯದನ್ನೇ ಹಾಡುತ್ತಾರೆ. ಗಿಟಾರ್, ಬೇಸ್, ಡ್ರಮ್ಸ್ ಈ ಮೂರರ ನಡುವೆ ಸ್ಟೈಪನ ದನಿ ನಾಲ್ಕನೆಯ ಒಂದು ವಾದ್ಯ ಇದ್ದ ಹಾಗೆ.

1981ರ ಏಪ್ರಿಲ್‌ನಲ್ಲಿ ಇವರು ನಾರ್ತ್ ಕ್ಯಾರೊಲೈನಾದ ವಿನ್‌ಸ್ಟನ್-ಸೇಲಂಗೆ ಹೋದರು. ಮಿಚ್ ಈಸ್ಟರ್ ಎಂಬ ಸಂಗೀತಗಾರ ಅಪ್ಪ ಅಮ್ಮನ ಮನೆಯ ಗ್ಯಾರೇಜಿನಲ್ಲಿ ಒಂದು ಸ್ಟುಡಿಯೊ ಮಾಡಿಕೊಂಡಿದ್ದ. ಹೆಸರು ಡ್ರೈವ್-ಇನ್. ಅಲ್ಲಿ ಮುದ್ರಿಸಿದ ‘ರೇಡಿಯೋ ಫ್ರೀ ಯೂರೋಪ್’ ಆ ಜುಲೈನಲ್ಲಿ ಹಿಬ್-ಟೋನ್ ಎಂಬ ಪುಟ್ಟ ಕಂಪನಿಯಿಂದ ಹೊರಬಂತು. ಮೊದಲು ಹೊಡೆದದ್ದು 1000 ಪ್ರತಿ. ಅದರಲ್ಲಿ 600 ಪತ್ರಿಕೆ, ರೇಡಿಯೋ ಅಂತ ಪುಕ್ಕಟೆ ಹೋದವು. ಉಳಿದವು ಬೇಗ ಖಾಲಿಯಾಗಿ ಇನ್ನೂ 6000 ಹೊಡೆಯಬೇಕಾಯಿತು. ತಮಾಷೆ ಏನೆಂದರೆ ಮೊದಲ ಪ್ರತಿಗಳ ಮೇಲೆ ಕಂಪನಿಯ ವಿಳಾಸ ಹಾಕುವುದನ್ನೇ ಮರೆತಿದ್ದರು. ಬೇಕು ಅಂದವರು ಎಲ್ಲಿಗೆ ಬರೆಯಬೇಕು? ಬಕ್‌ಗೆ ಆ ತಟ್ಟೆಯ ಮಾಸ್ಟರಿಂಗ್ (ತಟ್ಟೆ ಹೊಡೆಯುವ ಮೊದಲು ಸದ್ದನ್ನು ಹದ ಮಾಡುವ ಕೊನೆಯ ಕೆಲಸ) ಎಷ್ಟು ಬೇಸರ ತಂದಿತ್ತೆಂದರೆ ಒಂದು ಪ್ರತಿಯನ್ನು ಮುರಿದು ಗೋಡೆಗೆ ಅಂಟಿಸಿದ್ದನಂತೆ. ಇತ್ತ ನ್ಯೂಯಾರ್ಕ್ ಟೈಮ್ಸ್ ಅದನ್ನೇ ವರ್ಷದ ಹತ್ತು ಒಳ್ಳೆಯ ಸಿಂಗಲ್‌ಗಳಲ್ಲಿ ಸೇರಿಸಿತು.

ಕಮ್ಯುನಿಸ್ಟ್ ದೇಶಗಳತ್ತ ಅಮೆರಿಕ ನಡೆಸುತ್ತಿದ್ದ ಬಾನುಲಿಯ ಹೆಸರು ಹಾಡಿಗಿದೆ. ಹಾಗಂತ ರಾಜಕೀಯ ಹುಡುಕಿಕೊಂಡು ಹೋದರೆ ಕೈಗೆ ಏನೂ ಸಿಗುವುದಿಲ್ಲ. ರೆಕಾರ್ಡಿಂಗ್ ಹೊತ್ತಿಗೆ ಸ್ಟೈಪ್ ಮಾತುಗಳನ್ನು ಪೂರ್ತಿ ಬರೆದೇ ಇರಲಿಲ್ಲ. ಬರೀ ತೊದಲು ಎಂದು ಅವನೇ ಒಪ್ಪಿಕೊಂಡಿದ್ದಾನೆ. ಅರ್ಥ ಹುಡುಕಿ ಸೋತವರಲ್ಲಿ ನೀವು ಮೊದಲಿಗರಲ್ಲ ಬಿಡಿ.

ಕಂಪನಿ ಸಿಕ್ಕಿದ ಕಥೆಯೂ ಸ್ವಾರಸ್ಯದ್ದು. ಬಿಲ್ ಬೆರಿ ಹಿಂದೆ ಮೇಕನ್ನಿನಲ್ಲಿ ಸಂಗೀತ ಕಾರ್ಯಕ್ರಮ ಗೊತ್ತುಮಾಡುವ ಏಜೆನ್ಸಿಯೊಂದರಲ್ಲಿ ಸಣ್ಣ ಕೆಲಸಕ್ಕಿದ್ದ. ಅಲ್ಲಿಗೆ ಇಂಗ್ಲೆಂಡಿನಿಂದ ಇಯಾನ್ ಕೋಪ್‌ಲ್ಯಾಂಡ್ ಎಂಬಾತ ಬಂದ. ಜೊತೆಯಲ್ಲಿ ಪಂಕ್ ಎಂಬ ಒರಟು, ವೇಗದ ರಾಕ್ ಸಂಗೀತದ ಒಂದು ರಾಶಿ ತಟ್ಟೆ ತಂದ. ಬೆರಿ, ಮಿಲ್ಸ್ ಇಬ್ಬರಿಗೂ ಆ ರುಚಿ ಹತ್ತಿದ್ದು ಹಾಗೆ. ಇಯಾನನ ತಮ್ಮ ಸ್ಟೂವರ್ಟ್ ‘ಪೊಲೀಸ್’ ಬ್ಯಾಂಡಿನ ಡ್ರಮ್ಮರ್. ಅಣ್ಣ ಮೈಲ್ಸ್ ಐ.ಆರ್.ಎಸ್. ರೆಕಾರ್ಡ್ಸ್ ಕಂಪನಿಯ ಒಡೆಯ. 1982ರ ಮೇ ತಿಂಗಳಲ್ಲಿ ಆರ್.ಇ.ಎಂ. ಆ ಕಂಪನಿಗೇ ಸಹಿ ಹಾಕಿತು. ಈಸ್ಟರ್ ಜೊತೆ ಮುದ್ರಿಸಿದ ಐದು ಹಾಡು ಆ ಆಗಸ್ಟ್‌ನಲ್ಲಿ ‘ಕ್ರಾನಿಕ್ ಟೌನ್’ ಎಂಬ ಇ.ಪಿ. (ಆಲ್ಬಮ್ಮಿಗಿಂತ ಚಿಕ್ಕ ತಟ್ಟೆ) ಆಗಿ ಬಂತು. ಮುಖಪುಟದಲ್ಲಿ ಪ್ಯಾರಿಸಿನ ನೋತ್ರ ದಾಮ್ ಚರ್ಚಿನ ಮೇಲೆ ಕೂತ ಕಲ್ಲಿನ ವಿಕಾರಮೂರ್ತಿ. ಇಪ್ಪತ್ತು ನಿಮಿಷದ ಸರಕು. ಒಂದು ನಿಮಿಷವೂ ಜಾಸ್ತಿ ಆಯಿತು ಅನ್ನಿಸುವುದಿಲ್ಲ.

ಈಗ ‘ಮರ್ಮರ್’ಗೆ ಬರೋಣ.

ಕಂಪನಿಗೆ ಈಸ್ಟರ್ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. 1982ರ ಕೊನೆಯಲ್ಲಿ ಹುಡುಗರನ್ನು ಸ್ಟೀಫನ್ ಹೇಗ್ ಎಂಬ ನಿರ್ಮಾಪಕನ ಕೈಗೆ ಒಪ್ಪಿಸಿದರು. ಅವನದು ಅಚ್ಚುಕಟ್ಟಿನ ಕೆಲಸ. ತಾಳ ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಆಗಬಾರದು. ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿಸಿದ. ಬೆರಿಯ ಬೆವರಿಳಿಸಿದ. ಅದು ಸಾಲದೆಂದು ಇವರನ್ನು ಕೇಳದೆ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್ ವಾದ್ಯ, ಸೇರಿಸಿದ. ಹುಡುಗರು ಹೌಹಾರಿದರು. ಈಸ್ಟರ್ ಬೇಕು ಎಂದು ಕಂಪನಿಯ ಬೆನ್ನು ಬಿದ್ದರು. ಹಾಗಾದರೆ ಒಂದು ಹಾಡು ಮಾಡಿ ತೋರಿಸಿ ಎಂದಿತು ಕಂಪನಿ. ಈಸ್ಟರ್ ತನ್ನ ಗೆಳೆಯ ಡಾನ್ ಡಿಕ್ಸನ್‌ನನ್ನು ಕರೆದುಕೊಂಡ. ಪರೀಕ್ಷೆಗೆ ಮಾಡಿದ ಹಾಡು ‘ಪಿಲ್‌ಗ್ರಿಮೇಜ್’. ಆಲ್ಬಮ್ಮಿನಲ್ಲಿ ಎರಡನೆಯದಾಗಿ ನೀವು ಕೇಳುವುದು ಅದನ್ನೇ.

1983ರ ಶುರುವಿನಲ್ಲಿ ಶಾರ್ಲಟ್ ಊರಿನ ರಿಫ್ಲೆಕ್ಷನ್ ಸ್ಟುಡಿಯೊದಲ್ಲಿ ಕೆಲಸ ನಡೆಯಿತು. ಹುಡುಗರ ಷರತ್ತು ಎರಡೇ: ಸಿಂಥಸೈಜರ್ ಬೇಡ, ಗಿಟಾರ್ ಸೋಲೋ ಬೇಡ. 1983ರಲ್ಲಿ ಇವೆರಡನ್ನೂ ಬಿಟ್ಟು ಆಲ್ಬಮ್ ಮಾಡುವುದು ಅಂದರೆ ಮದುವೆ ಊಟದಲ್ಲಿ ಪಾಯಸ ಬಡಿಸದ ಹಾಗೆ. ಸ್ಟೈಪ್ ಹಾಡಿದ್ದು ಮೆಟ್ಟಿಲ ಬುಡದ ಕತ್ತಲೆಯಲ್ಲಿ, ಯಾರ ಕಣ್ಣಿಗೂ ಬೀಳದೆ. ನಿರ್ಮಾಪಕರು ಅವನನ್ನು ಬೆಳಕಿಗೆ ಎಳೆಯಲಿಲ್ಲ. ಅವನ ದನಿಯನ್ನು ವಾದ್ಯಗಳ ಮೇಲೆ ಎತ್ತಿ ಕೂರಿಸಲೂ ಇಲ್ಲ, ನಡುವೆಯೇ ಬಿಟ್ಟರು. ನಿಮಗೆ ಮಾತು ತಿಳಿಯದೆ ಇರಲು ಕಾರಣ ಇದು. ಅವನು ಅರ್ಧ ನುಂಗಿ ಹಾಡುತ್ತಾನೆ, ಅವರು ಉಳಿದರ್ಧವನ್ನು ಗಿಟಾರಿನ ಹಿಂದೆ ಇಡುತ್ತಾರೆ. ಇನ್ನು ಕೇಳಿಸಿದ ಮಾತುಗಳು ಕೂಡ ಒಂದಕ್ಕೊಂದು ಕೂಡಿಕೊಂಡು ಕಥೆ ಹೇಳುವುದಿಲ್ಲ.

ಆದರೆ ಆ ಸದ್ದಿನೊಳಗೆ ಎಷ್ಟು ಕೆಲಸ ಇದೆ ನೋಡಿ. ‘ಪರ್ಫೆಕ್ಟ್ ಸರ್ಕಲ್’ನಲ್ಲಿ ಎರಡು ಪಿಯಾನೋ ಒಟ್ಟಿಗೆ ಕೇಳಿಸುತ್ತವೆ. ಒಂದು ಒಳ್ಳೆಯ ಗ್ರ್ಯಾಂಡ್ ಪಿಯಾನೋ, ಇನ್ನೊಂದು ಠಣ್ ಠಣ್ ಅನ್ನುವ ಹಳೆಯದು. ಮಿಲ್ಸ್ ಮತ್ತು ಬೆರಿ ಒಂದನ್ನೇ ಎರಡರಲ್ಲೂ ನುಡಿಸಿದ್ದಾರೆ. ಆ ಸಣ್ಣ ಅಪಶ್ರುತಿಯಿಂದಲೇ ಹಾಡಿಗೆ ಸಂಜೆಗತ್ತಲು ಬಂದಿದೆ. ‘ವಿ ವಾಕ್’ನಲ್ಲಿ ದೂರದಲ್ಲಿ ಗುಡುಗಿದ ಹಾಗೆ ಆಗುತ್ತದಲ್ವಾ? ಅದು ಗುಡುಗಲ್ಲ. ಬಿಲಿಯರ್ಡ್ಸ್ ಚೆಂಡುಗಳು ಒಂದಕ್ಕೊಂದು ಬಡಿಯುವ ಸದ್ದನ್ನು ಟೇಪಿನಲ್ಲಿ ನಿಧಾನ ಮಾಡಿದ್ದು.

ಮುಖಪುಟದಲ್ಲಿ ಕಾಣುವ ಬಳ್ಳಿ ಕುಡ್ಜು. ಜಪಾನಿನಿಂದ ಬಂದದ್ದು. ಮಣ್ಣು ಕೊಚ್ಚಿ ಹೋಗದಿರಲಿ ಎಂದು ಒಂದು ಕಾಲಕ್ಕೆ ಸರ್ಕಾರವೇ ನೆಡಿಸಿತ್ತು. ಆಮೇಲೆ ಅದು ಮರ, ಕಂಬ, ಪಾಳುಮನೆ ಎಲ್ಲವನ್ನೂ ನುಂಗುತ್ತಾ ಹೋಯಿತು. ನಮ್ಮ ಕಾಡಿನಲ್ಲಿ ಲಂಟಾನ ಹಬ್ಬಿದೆಯಲ್ಲ, ಹಾಗೆ. ಕೆಳಗೆ ಏನೋ ಇದೆ ಎಂದು ಗೊತ್ತಾಗುತ್ತದೆ, ಏನು ಎಂದು ಕಾಣುವುದಿಲ್ಲ. ಆಲ್ಬಮ್ಮಿಗೆ ಇದಕ್ಕಿಂತ ಒಪ್ಪುವ ಚಿತ್ರ ಇನ್ನೊಂದಿಲ್ಲ. ಹೆಸರಂತೂ ನಮಗೆ ವಿವರಿಸಿ ಹೇಳಬೇಕಾಗಿಯೇ ಇಲ್ಲ, ಎಲೆಗಳ ಸದ್ದಿಗೆ ನಾವೂ ಮರ್ಮರ ಅನ್ನುತ್ತೇವೆ. ಎಲೆ ಏನು ಹೇಳಿತು ಎಂದು ಯಾರೂ ಕೇಳುವುದಿಲ್ಲ.

ಏಪ್ರಿಲ್ 1983ರಲ್ಲಿ ಬಿಡುಗಡೆ. ಬಿಲ್‌ಬೋರ್ಡ್ ಪಟ್ಟಿಯಲ್ಲಿ 36ರವರೆಗೆ ಏರಿತು. ಇಡೀ ಜಗತ್ತು ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ ಕೇಳುತ್ತಿದ್ದ ವರ್ಷ ಅದು. ಆ ವರ್ಷದ ಒಳ್ಳೆಯ ಆಲ್ಬಮ್ ಎಂದು ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರು ಆರಿಸಿದ್ದು ‘ಮರ್ಮರ್’ ಅನ್ನು. ದೊಡ್ಡ ರೇಡಿಯೋ ಕೇಂದ್ರಗಳು ಕಿವಿಗೊಡಲಿಲ್ಲ. ವಿದ್ಯಾರ್ಥಿಗಳೇ ನಡೆಸುವ ಕಾಲೇಜು ರೇಡಿಯೋಗಳು ತಲೆ ಮೇಲೆ ಹೊತ್ತುಕೊಂಡವು. ಆಲ್ಟರ್‌ನೇಟಿವ್ ರಾಕ್ ಎಂಬ ಹೆಸರು ಮನೆಮಾತಾಗುವ ಮೊದಲು ಇಂಥ ಸಂಗೀತವನ್ನು ಕಾಲೇಜ್ ರಾಕ್ ಎಂದೇ ಕರೆಯುತ್ತಿದ್ದರು. ಅಕ್ಟೋಬರ್‌ನಲ್ಲಿ ಡೇವಿಡ್ ಲೆಟರ್‌ಮನ್ ಟಿ.ವಿ. ಕಾರ್ಯಕ್ರಮಕ್ಕೆ ಕರೆ ಬಂತು. ಆ ತುಣುಕು ಸಿಕ್ಕರೆ ನೋಡಿ. ಹಾಡು ಮುಗಿದ ಮೇಲೆ ಲೆಟರ್‌ಮನ್ ಮಾತಾಡಿಸಲು ಬರುತ್ತಾನೆ. ಮಿಲ್ಸ್, ಬಕ್ ಉತ್ತರ ಕೊಡುತ್ತಾರೆ. ಸ್ಟೈಪ್ ಹಿಂದೆ ಸರಿದು ಡ್ರಮ್ಸ್ ಪಕ್ಕದಲ್ಲಿ ಕೂತುಬಿಡುತ್ತಾನೆ. ಎರಡನೆಯದಾಗಿ ನುಡಿಸಿದ ಹಾಡಿಗೆ ಅವತ್ತಿಗೆ ಹೆಸರೇ ಇಟ್ಟಿರಲಿಲ್ಲ.

ಆ ಹೆಸರಿಲ್ಲದ ಹಾಡು ‘ಸೌತ್ ಸೆಂಟ್ರಲ್ ರೇನ್’ ಆಗಿ ಎರಡನೆಯ ಆಲ್ಬಮ್ ‘ರೆಕನಿಂಗ್’ಗೆ ಸೇರಿತು. ಬಂದದ್ದು 1984ರ ಏಪ್ರಿಲ್‌ನಲ್ಲಿ. ಅದೇ ಸ್ಟುಡಿಯೊ, ಅದೇ ಈಸ್ಟರ್, ಡಿಕ್ಸನ್. ಒಂದೆರಡು ವಾರದ ಕೆಲಸ, ಅಷ್ಟೇ. ಊರೂರು ಸುತ್ತಿ ಕೈ ಪಳಗಿದ್ದರಿಂದ ಇಲ್ಲಿ ಮಬ್ಬು ಕಮ್ಮಿ, ನಾಲ್ವರು ಎದುರಿಗೆ ನಿಂತು ನುಡಿಸಿದ ಹಾಗೆ ಕೇಳುತ್ತದೆ.

ಆ ದಿನಗಳ ಒಂದು ಘಟನೆ ಹೇಳಲೇಬೇಕು. ‘ಸೆವೆನ್ ಚೈನೀಸ್ ಬ್ರದರ್ಸ್’ ಹಾಡುವಾಗ ಸ್ಟೈಪನ ದನಿ ಏಳುತ್ತಲೇ ಇರಲಿಲ್ಲ. ಪಿಸುಪಿಸು ಅನ್ನುತ್ತಿದ್ದ. ಬೈದರೆ ಇನ್ನೂ ಮುದುಡಿಕೊಳ್ಳುತ್ತಾನೆ ಎಂದು ಡಿಕ್ಸನ್‌ಗೆ ಗೊತ್ತಿತ್ತು. ಅಲ್ಲೇ ಮೇಲೆ ಯಾವುದೋ ಹಳೆಯ ರೆಕಾರ್ಡುಗಳ ರಾಶಿ. ಕೈಗೆ ಸಿಕ್ಕ ಒಂದು ಕ್ರೈಸ್ತ ಭಕ್ತಿಗೀತೆಯ ತಟ್ಟೆಯನ್ನು ಸ್ಟೈಪ್ ಹತ್ತಿರ ಎಸೆದ. ಸ್ಟೈಪ್ ಅದರ ಹಿಂಬದಿ ತಿರುಗಿಸಿದ. ಹಾಡುಗಾರರ ಗುಣಗಾನ, ಯಾರು ಯಾವ ದನಿ, ಇಂಥದ್ದೆಲ್ಲ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಅದನ್ನೇ ಆ ರಾಗಕ್ಕೆ ಹೊಂದಿಸಿ ಮೊದಲಿನಿಂದ ಕೊನೆಯವರೆಗೆ ಹಾಡಿಬಿಟ್ಟ! ದನಿ ಬಿಚ್ಚಿಕೊಂಡಿತು. ಆಮೇಲೆ ಅಸಲಿ ಹಾಡೂ ಸಲೀಸಾಗಿ ಬಂತು. ಆ ತಮಾಷೆಯ ಟೇಕನ್ನು ಅವರು ಎಸೆಯಲಿಲ್ಲ. ‘ವಾಯ್ಸ್ ಆಫ್ ಹೆರಾಲ್ಡ್’ ಎಂಬ ಹೆಸರಲ್ಲಿ ಬೇರೆಯಾಗಿ ಸಿಗುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಅರ್ಥವಿರುವ ಮಾತು ಯಾವುದು, ತಟ್ಟೆಯ ಹಿಂಬದಿಯ ಜಾಹೀರಾತು ಯಾವುದು ಎಂದು ಮೊದಲ ಸಲಕ್ಕೆ ಹೇಳಿದರೆ ನಿಮಗೆ ನಮಸ್ಕಾರ. ನನಗೆ ಮಾತ್ರ ಎರಡೂ ಒಂದೇ ಥರ ಕರುಳು ಹಿಂಡುತ್ತವೆ.

ಇದೇ ಆಲ್ಬಮ್ಮಿನ ‘ರಾಕ್‌ವಿಲ್’ ಮಿಲ್ಸ್ ಬರೆದದ್ದು. ಗೆಳತಿ ತವರೂರಾದ ರಾಕ್‌ವಿಲ್‌ಗೆ ಹೊರಟು ನಿಂತಾಗ ಹೋಗಬೇಡ ಎಂದು ಬೇಡಿಕೊಂಡ ಹಾಡು. ವೇದಿಕೆಯಲ್ಲಿ ಪಂಕ್ ಥರ ದಡದಡ ನುಡಿಸುತ್ತಿದ್ದರು. ಸ್ಟುಡಿಯೊದಲ್ಲಿ ತಮ್ಮ ವಕೀಲ ಬರ್ಟಿಸ್ ಡೌನ್ಸ್ ಅವರನ್ನು ಖುಷಿಪಡಿಸಲು ನಿಧಾನವಾಗಿ, ಕಂಟ್ರಿ ಎನ್ನುವ ಅಮೆರಿಕದ ಹಳ್ಳಿ ಹಾಡಿನ ಧಾಟಿಯಲ್ಲಿ ನುಡಿಸಿದರು. ಅದೇ ಉಳಿಯಿತು. ವಕೀಲರಿಂದ ಸಂಗೀತಕ್ಕೆ ಉಪಕಾರ ಆದದ್ದು ಅಪರೂಪ.

ಮೂರನೆಯದು ‘ಫೇಬಲ್ಸ್ ಆಫ್ ದಿ ರೀಕನ್‌ಸ್ಟ್ರಕ್ಷನ್’, 1985. ಈ ಸಲ ಲಂಡನ್ನಿಗೆ ಹೋದರು, ನಿಕ್ ಡ್ರೇಕ್ ಅಂಥ ಇಂಗ್ಲಿಷ್ ಜಾನಪದ ಧಾಟಿಯ ಹಾಡುಗಾರರ ತಟ್ಟೆಗಳನ್ನು ಮಾಡಿದ್ದ ಜೋ ಬಾಯ್ಡ್ ಹತ್ತಿರ. ಫೆಬ್ರವರಿ, ಮಾರ್ಚ್ ತಿಂಗಳು. ಮಳೆ, ಚಳಿ, ಊಟ ಸೇರದು, ಮನೆಯ ನೆನಪು. ಬ್ಯಾಂಡ್ ಒಡೆದೇ ಹೋಗುವ ಹಂತಕ್ಕೆ ಬಂತು. ಬಾಯ್ಡ್‌ಗೆ ಒಂದು ಹೊಸ ಅನುಭವ. ಮಿಕ್ಸಿಂಗ್ ಮಾಡುವಾಗ ಎಲ್ಲ ಬ್ಯಾಂಡಿನವರೂ ನನ್ನದು ಜೋರು ಮಾಡಿ, ನನ್ನದು ಜೋರು ಮಾಡಿ ಅನ್ನುತ್ತಾರೆ. ಇವರಲ್ಲಿ ಪ್ರತಿಯೊಬ್ಬನೂ ನನ್ನದು ಸ್ವಲ್ಪ ಕಮ್ಮಿ ಮಾಡಿ ಅನ್ನುತ್ತಿದ್ದನಂತೆ. ಆಲ್ಬಮ್ ಮಂಕಾಗಿದೆ ಎಂದು ಬ್ಯಾಂಡಿನವರೇ ಕೆಲವು ಕಾಲ ದೂರಿಕೊಂಡು ತಿರುಗಿದರು. ನಾನು ಒಪ್ಪುವುದಿಲ್ಲ. ಮನೆಯಿಂದ ದೂರ ಕೂತು ಮನೆಯ ಬಗ್ಗೆ ಮಾಡಿದ ಆಲ್ಬಮ್ ಅದು. ರೈಲು ಓಡಿಸುವವನು, ತೋಟದ ತುಂಬ ಬೈಬಲ್ ಚಿತ್ರ ಬರೆದ ಮುದುಕ, ಮನೆಯನ್ನು ನಡುವೆ ಎರಡು ಭಾಗ ಮಾಡಿಕೊಂಡು ಸ್ವಲ್ಪ ದಿನ ಇತ್ತ, ಸ್ವಲ್ಪ ದಿನ ಅತ್ತ ಬದುಕಿದ ಅಥೆನ್ಸಿನ ಒಬ್ಬ ವಿಚಿತ್ರ ಮನುಷ್ಯ, ಇಂಥವರು ಅದರಲ್ಲಿ ತುಂಬಿದ್ದಾರೆ. ಆ ಮುದುಕ ಹಾವರ್ಡ್ ಫಿನ್‌ಸ್ಟರ್. ‘ರೆಕನಿಂಗ್’ ಮುಖಪುಟದ ಎರಡು ತಲೆಯ ಹಾವಿಗೆ ಬಣ್ಣ ತುಂಬಿದವನೂ ಅವನೇ.

ಅಲ್ಲಿಂದ ಮುಂದೆ ಮಬ್ಬು ಕರಗುತ್ತಾ ಬಂತು. 1986ರ ‘ಲೈಫ್ಸ್ ರಿಚ್ ಪೇಜೆಂಟ್’ ಮಾಡಿದ ಡಾನ್ ಗೆಹ್‌ಮನ್ ಬೇರೆ ಜಾತಿಯ ನಿರ್ಮಾಪಕ. ಈ ಹಾಡು ಯಾವುದರ ಬಗ್ಗೆ ಎಂದು ಸ್ಟೈಪನನ್ನು ನೇರವಾಗಿ ಕೇಳಿದ, ಬಿಡಿಸಿ ಹಾಡು ಎಂದ. ಸ್ಟೈಪ್ ಹಾಡಿದ. ಹೇಳಬೇಕಾದದ್ದೂ ಅವನಲ್ಲಿ ಆಗ ಇತ್ತು, ನದಿ ಕೊಳಕಾದದ್ದು, ಆಮ್ಲ ಮಳೆ, ರಾಜಕೀಯ. ಅಮೆರಿಕದಲ್ಲಿ ಐದು ಲಕ್ಷ ಪ್ರತಿ ಹೋದರೆ ಗೋಲ್ಡ್ ಅನ್ನುತ್ತಾರೆ, ಅದು ಅವರ ಮೊದಲ ಗೋಲ್ಡ್ ಆಲ್ಬಮ್. ಮುಂದಿನ ವರ್ಷದ ‘ಡಾಕ್ಯುಮೆಂಟ್’ ಮೊದಲ ಹತ್ತರೊಳಗೆ ಬಂತು, 1988ರಲ್ಲಿ ವಾರ್ನರ್ ಎಂಬ ದೊಡ್ಡ ಕಂಪನಿ ಸೇರಿದರು. 1991ರಲ್ಲಿ ನಿಮ್ಮ ‘ಲೂಸಿಂಗ್ ಮೈ ರಿಲಿಜನ್’. ಅದರ ವಿಡಿಯೊ ಮಾಡಿದ್ದು ನಮ್ಮ ದೇಶದಲ್ಲಿ ಹುಟ್ಟಿದ ತರ್ಸೇಮ್ ಸಿಂಗ್, ಗೊತ್ತಿತ್ತಾ?

ಇನ್ನು ಕ್ರಮ. ‘ಮರ್ಮರ್’ನಿಂದ ಶುರು ಮಾಡಿದ್ದೇ ನೀವು ಎಡವಿದ್ದು. ಮೊದಲು ‘ರೆಕನಿಂಗ್’ ಕೇಳಿ, ಅಡುಗೆ ಮಾಡುತ್ತಲೋ ಬಸ್ಸಿನಲ್ಲೋ, ಹೇಗಾದರೂ ನಡೆಯುತ್ತದೆ. ಆಮೇಲೆ ‘ಕ್ರಾನಿಕ್ ಟೌನ್’. ‘ಫೇಬಲ್ಸ್’ ಮಳೆಗಾಲಕ್ಕೆ ಎತ್ತಿಡಿ. ಇವಾದ ಮೇಲೆ ‘ಮರ್ಮರ್’ಗೆ ವಾಪಸ್ ಬನ್ನಿ. ಈ ಸಲ ಹಾಡುಗಾರನನ್ನು ಹಿಂಬಾಲಿಸಬೇಡಿ, ಮಿಲ್ಸ್‌ನ ಬೇಸ್ ಹಿಡಿದುಕೊಂಡು ಹೋಗಿ. ಇಂಟರ್‌ನೆಟ್ಟಿನಲ್ಲಿ ಸಾಹಿತ್ಯ ಹುಡುಕಿಕೊಂಡು ಕೂರಬೇಡಿ, ಅಲ್ಲಿ ಇರುವುದು ಬಹಳಷ್ಟು ಯಾರೋ ಕಿವಿಗೆ ಬಿದ್ದ ಹಾಗೆ ಬರೆದದ್ದು. ಮತ್ತೆ, ‘ರೇಡಿಯೋ ಫ್ರೀ ಯೂರೋಪ್’ ಎರಡು ಸಲ ಮುದ್ರಣವಾಗಿದೆ ಅನ್ನೋದು ನೆನಪಿರಲಿ. ಆಲ್ಬಮ್ಮಿನಲ್ಲಿ ಇರೋದು ನಿಧಾನದ್ದು. ಈಸ್ಟರ್‌ಗೂ ಬ್ಯಾಂಡಿಗೂ ಹಿಡಿಸಿದ್ದು ಗ್ಯಾರೇಜಿನಲ್ಲಿ ಮಾಡಿದ ಹಿಬ್-ಟೋನ್ ಮುದ್ರಣ. ನನ್ನ ಓಟೂ ಅದಕ್ಕೇ.